ಒತ್ತಿಲ್ಲದ ಹೆಸರು

4 ಅಕ್ಟೋಬರ್ 1999, ಸೋಮವಾರ

ಇವತ್ತು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಅದಕ್ಕೇ ಈ ಡೈರಿ. ಎಣ್ಣೆ ಮಿಲ್ಲಿನವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟಿದ್ದು, ಟಿ.ವಿ. ಮೇಲೆ ಧೂಳು ಹಿಡಿದು ಕೂತಿತ್ತು. "ಒಂಬತ್ತು ತಿಂಗಳು ತುಂಬಿದ ಮೇಲೆ ತೆಗೆದಿದೀಯಲ್ಲೇ ಗಂಗಾ, ಗಂಡೋ ಹೆಣ್ಣೋ?" ಎಂದು ಇವರು ನಕ್ಕರು. ನಗಲಿ.

ಸುದ್ದಿ ಏನೆಂದರೆ, ಅಕ್ಕನ ಬಳಗದವರು ಕಟ್ಟಿಸಿರುವ ಹೊಸ ಹಾಲ್‌ಗೆ ಹೆಸರಿಡಬೇಕು. ಎರಡು ಹೆಸರು ಬಂದಿವೆ. ಒಂದು ಅಧ್ಯಕ್ಷೆ ದ್ರಾಕ್ಷಾಯಣಮ್ಮನವರ ಅತ್ತೆಯದು. ಇನ್ನೊಂದು ನಮ್ಮ ಅವ್ವನದು! ತಿಪ್ಪೇರುದ್ರಮ್ಮ ಸಭಾಂಗಣ! ಬಾಯಲ್ಲಿ ಹೇಳಿಕೊಂಡರೇ ಎಷ್ಟು ತುಂಬಿಕೊಳ್ಳುತ್ತದೆ. ಕಪ್ಪು ಕಲ್ಲಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಕಣ್ಣಿಗೆ ಕಟ್ಟಿದಂತಿದೆ.

ಈ ತಿಂಗಳ ಮೂವತ್ತೊಂದಕ್ಕೆ ಅವ್ವ ಲಿಂಗೈಕ್ಯಳಾಗಿ ವರ್ಷ. ಅವತ್ತೇ ಹಾಲ್‌ನಲ್ಲಿ ಸ್ಮರಣೆ ಮಾಡೋಣ, ಎರಡೂ ಮನೆಯವರು ಐದೈದು ನಿಮಿಷ ಮಾತಾಡಲಿ, ಆಮೇಲೆ ಬಳಗದವರು ಕೈ ಎತ್ತಿ ಆರಿಸಲಿ ಎಂದು ತೀರ್ಮಾನವಾಯಿತು. ಹೊರಡುವಾಗ ದ್ರಾಕ್ಷಾಯಣಮ್ಮನವರು ನನ್ನ ಬೆನ್ನು ಸವರಿ, "ನಿಮ್ಮವ್ವ ಒಳ್ಳೇರು, ಇಲ್ಲ ಅನ್ನಲ್ಲ. ಆದ್ರೆ ಏನ್ ಮಾಡಿದ್ರು ಅಂತ ಹೇಳ್ಬೇಕಲ್ಲಮ್ಮ. ಹಿಂದ್ಲ ಸಾಲಲ್ಲಿ ಕೂತ್ಕಂಡು, ಹಂಗೇ ಹಿಂದಿಂದ್ಲೇ ಎದ್ದು ಹೋಗೋರು" ಎಂದರು. ಮೈಯೆಲ್ಲ ಉರಿಯಿತು. ತೋರಿಸುತ್ತೇನೆ ಈಯಮ್ಮನಿಗೆ.

ಮಾತಿಗೆ ನನಗೇನು ಬರವೇ! ಅವ್ವ ಯಾವಾಗಲೂ ಅನ್ನುತ್ತಿದ್ದಳು: "ನಿನ್ನ ಬಾಯಾಗೆ ಎಳ್ಳುಕಾಳು ನೆನೆಯಲ್ಲ ಕಣೇ." ಅದೇ ಬಾಯಿ ಈಗ ಅವಳಿಗೆ ಹಾಲ್ ಗೆದ್ದು ಕೊಡುತ್ತದೆ.

7 ಅಕ್ಟೋಬರ್, ಗುರುವಾರ

ಅಪ್ಪನ ಪಾತ್ರೆ ಅಂಗಡಿಗೆ ಹೋಗಿದ್ದೆ. ಅಪ್ಪ ಪೇಪರ್ ಓದುತ್ತಿದ್ದರು. ಮೆಟ್ಟಿಲ ಮೇಲೆ ಖುದ್ದೂಸ್ ಸಾಬರು ಯಾರದೋ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಳಿ, ಸುತ್ತಿಗೆಯಲ್ಲಿ ಟಿಕ್ ಟಿಕ್ ಎಂದು ಹೆಸರು ಹಾಕುತ್ತಿದ್ದರು. ನಾನು ಶಾಲೆಗೆ ಹೋಗುವಾಗಿನಿಂದ ಅವರು ಆ ಮೆಟ್ಟಿಲು ಬಿಟ್ಟಿಲ್ಲ. ಊರೆಲ್ಲ ಕರೆಂಟಿನ ಮಿಷನ್ ಬಂದರೂ ಅವರದು ಅದೇ ಚುಕ್ಕಿ ಅಕ್ಷರ, ಹೆಸರಿನ ಕೊನೆಗೆ ಅದೇ ಪುಟ್ಟ ನಕ್ಷತ್ರ, ಅದೇ ತಪ್ಪು. ಒತ್ತಕ್ಷರ ಹಾಕುವುದೇ ಇಲ್ಲ. ಶಾಂತವೀರಪ್ಪ ಎಂದು ಹೇಳಿದರೆ 'ಶಾಂತವೀರಪ'. ನಮ್ಮ ಮನೆಯ ಪಾತ್ರೆಗಳ ಮೇಲೆ ಅವ್ವ 'ತಿಪೇರುದರಮ' ಆಗಿದ್ದಾಳೆ. ಕೇಳಿದರೆ, "ಒತ್ತು ಕೊಟ್ರೆ ತೂತಾಗ್ತದೆ ಬೇಟಿ. ತಗಡು ತೆಳು" ಅನ್ನುತ್ತಾರೆ. ಖುದ್ದೂಸ್ ಸಾಬರು ಯಾರಿಗೂ ಒತ್ತು ಕೊಡುವವರಲ್ಲ ಎಂದು ಪೇಟೆಯಲ್ಲಿ ಒಂದು ಮಾತೇ ಇದೆ.

"ಅಪ್ಪಾಜಿ, ಅವ್ವ ಏನೇನು ದೊಡ್ಡ ಕೆಲಸ ಮಾಡಿದ್ಲು ಹೇಳಿ. ಬರ್ಕಂತೀನಿ" ಎಂದೆ.

"ಅಡಿಗೆ ಮಾಡಿದ್ಲು. ನಿನ್ನ ಸಾಕಿದ್ಲು. ನನ್ನ ಸಹಿಸ್ಕಂಡ್ಲು. ಸಾಲ್ದಾ?"

"ತಮಾಷೆ ಬೇಡ."

"ತಮಾಷೆ ಎಲ್ಲಿ? ಅವಳಿದ್ದಾಗ ಅಂಗಡೀಲಿ ಇಲಿ ಕಾಟ ಬ್ಯಾರೆ. ಸ್ಟೀಲು ತಿನ್ನೋ ಇಲಿ. ಕೊಳಗ ಕೊಳಗಾನೇ ನುಂಗಾವು."

ಈ ಇಲಿ ಕಥೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಅಟ್ಟದ ಮೇಲಿನ ಪಾತ್ರೆ ಕಾಣೆಯಾದಾಗಲೆಲ್ಲ ಅಪ್ಪ ಇದನ್ನೇ ಹೇಳಿ, ತಾವೇ ನಗುತ್ತಿದ್ದರು. ಖುದ್ದೂಸ್ ಸಾಬರು ತಲೆ ಬಗ್ಗಿಸಿಕೊಂಡು ಟಿಕ್ ಟಿಕ್ ಮಾಡುತ್ತಲೇ ಇದ್ದರು.

ಮನೆಗೆ ಬಂದು ಅವ್ವನ ವೈರ್ ಬ್ಯಾಗ್ ಜಾಲಾಡಿದೆ. ವಿಭೂತಿ ಗಟ್ಟಿ, ಸೂಜಿ ದಾರ, ಮೊಳಕಾಲ್ಮೂರಿನ ಒಂದು ಮಗ್ಗದ ಮನೆಯ ವಿಳಾಸದ ಚೀಟಿ. ಈಗ ನೆನಪಾಯಿತು! ವರ್ಷಕ್ಕೆರಡು ಸಲ "ಮೊಳಕಾಲ್ಮೂರಿಗೆ ಹೋಗಿ ಸೀರೆ ನೋಡ್ಕಂಡು ಬರ್ತೀನಿ" ಎಂದು ಹೋಗುತ್ತಿದ್ದಳು. ಒಂದು ಸಲವೂ ಸೀರೆ ತಂದವಳಲ್ಲ. ಹೋಗಿ ಕೇಳಿಯೇ ಬಿಡುತ್ತೇನೆ.

12 ಅಕ್ಟೋಬರ್, ಮಂಗಳವಾರ

ಸಿಕ್ಕಿತು! ಸಿಕ್ಕಿತು! ಬಸ್ಸಿನಿಂದ ಇಳಿದವಳು ಸೀರೆ ಕೂಡ ಬದಲಿಸದೆ ಬರೆಯುತ್ತಿದ್ದೇನೆ.

ಬಂಡೆಗುಡ್ಡದ ಕೆಳಗೆ ಮಗ್ಗದವರ ಓಣಿ. ಮನೆ ಯಜಮಾನರು ಮಗ್ಗದ ಗುಣಿಯಲ್ಲಿ ಕಾಲು ಬಿಟ್ಟುಕೊಂಡು ನೇಯುತ್ತಿದ್ದರು. ಅವರ ಹೆಂಡತಿ, ಅರ್ಧ ತೆಲುಗು ಅರ್ಧ ಕನ್ನಡದ ದಪ್ಪ ಹೆಂಗಸು, "ರಾಮ್ಮಾ, ಬಾರಮ್ಮಾ, ಕೂತ್ಕೋ" ಎಂದು ಚಾಪೆ ಹಾಸಿದರು. ಅವ್ವನ ಹೆಸರು ಹೇಳಿದ ತಕ್ಷಣ ನಕ್ಕುಬಿಟ್ಟರು.

"ಅಯ್ಯೋ, ಆಯಮ್ಮನ ಮಗಳಾ ನೀನು! ಮಂಚಿ ಮನಿಷಿ, ಒಳ್ಳೇಳು. ಆದ್ರೆ ಹತ್ತು ಸೀರೆ ಬಿಚ್ಚಿಸೋಳು, ಒಂದೂ ತಗಳ್ತಿರಲಿಲ್ಲ. ನನ್ನ ಚಿಕ್ಕ ಸೊಸೆ ಕೈಲಿ ನೀರು ಈಸ್ಕಂಡು ಕುಡಿದು, ಎದ್ದು ಹೋಗೋಳು."

ನನಗೆ ನಾಚಿಕೆಯಾಗಿ ಅಲ್ಲೇ ಒಂದು ಸೀರೆ ತೆಗೆದುಕೊಂಡೆ. ನೇರಳೆ ಬಣ್ಣ, ಹಸಿರು ಅಂಚು, ಚೆನ್ನಾಗಿದೆ. ಚಿಕ್ಕ ಸೊಸೆ ■■■■ ಚೊಂಬಿನಲ್ಲಿ ನೀರು ತಂದಳು. ಚೊಂಬಿನ ಮೇಲೆ ಚುಕ್ಕಿ ಅಕ್ಷರದಲ್ಲಿ 'ಸೂರಮ' ಎಂದಿತ್ತು. ಕೊನೆಗೊಂದು ನಕ್ಷತ್ರ!

"ಅರೆ, ಇದು ನಮ್ಮ ಖುದ್ದೂಸ್ ಸಾಬರ ಕೈ! ನಮ್ಮ ಅಂಗಡಿ ಮೆಟ್ಟಿಲ ಮ್ಯಾಲೆ ಹಾಕಿದ್ದು!" ಎಂದೆ.

ಅವಳ ಅತ್ತೆಗೆ ಹಿಗ್ಗೋ ಹಿಗ್ಗು. ಗೂಡಿನ ಕಡೆ ಕೈ ತೋರಿಸಿದರು. ಕೊಳಗ, ಬಿಂದಿಗೆ, ತಟ್ಟೆ, ಎಲ್ಲ ಫಳಫಳ ಎನ್ನುತ್ತಿದ್ದವು, ಎಲ್ಲದರ ಮೇಲೂ ಸೂರಮ, ಸೂರಮ. "ಸೂರಮ್ಮ ನಮ್ಮ ಬೀಗತಿ. ಕಣ್ಣಿಂದ ನೋಡ್ಲಿಲ್ಲ ನಾನು. ಇವಳು ಮೂರು ವರ್ಷದ ಮಗಾ ಇದ್ದಾಗ್ಲೇ ಸತ್ಲು. ಸಾಯೋಕ್ ಮುಂಚೆ ಮಗಳ ಮದ್ವೆಗೆ ಅಂತ ಇಷ್ಟೂ ಮಾಡಿಸಿಟ್ಟು ಹೋದ್ಲು ಮಾತಾಯಿ. ನನ್ನ ದೊಡ್ಡ ಸೊಸೆ ತವರಲ್ಲಿ ಹತ್ತು ಜನ ಅವ್ರೆ, ಒಂದು ಲೋಟ ಬರಲಿಲ್ಲ!"

ನಾನು ಸುಮ್ಮನಿರುತ್ತೇನೆಯೇ! "ಅದು ಹೆಂಗ್ರೀ? ಈ ನಮೂನೆ ಪಾತ್ರೆ ನಮ್ಮ ಅಂಗಡಿಗೆ ಬಂದಿದ್ದೇ ಈಚೆಗೆ..." ಎನ್ನುವಷ್ಟರಲ್ಲಿ ಚೊಂಬು ■■■■ಳ ಕೈಯಿಂದ ಜಾರಿ, ನೀರೆಲ್ಲ ನನ್ನ ಮಡಿಲಿಗೆ. ಅತ್ತೆ ಬೈದರು, ನಾನು ಎದ್ದೆ.

ಆ ಹುಡುಗಿ ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ಓಡಿಬಂದಳು. ನನ್ನಿವಾಳ ಊರಿನವಳು, ಸೋದರಮಾವನ ಮನೆಯಲ್ಲಿ ಬೆಳೆದವಳು. "ನಮ್ಮವ್ವನ ಮುಖಾನೂ ನೆನಪಿಲ್ಲ ಅಕ್ಕಾ. ಹೆಸರೊಂದು ಗೊತ್ತಿತ್ತು. ಮಾವ ಪಾತ್ರೆ ಕೊಡಕಾಗಲ್ಲ ಅಂದಿದ್ದ. ನಿಮ್ಮವ್ವ ಅಷ್ಟು ದೂರದಿಂದ ಬಂದು, ಸುಮ್ನೆ ಮಾತಾಡ್ಸೋ ಹಂಗೆ ನಮ್ಮವ್ವನ ಹೆಸರು ಕೇಳ್ಕಂಡು ಹೋದ್ರು. ಮದ್ವೆ ಹಿಂದ್ಲ ದಿನ ಮೂಟೆ ಬಂತು. ಬಿಚ್ಚಿದ್ರೆ ಎಲ್ಲದ್ರ ಮ್ಯಾಲೂ ನಮ್ಮವ್ವ! ಆ ಅಕ್ಷರ ಮುಟ್ಟಿ ಮುಟ್ಟಿ ನೋಡ್ದೆ." ಬಸ್ಸು ಹೊರಟಿತು. ಕಿಟಕಿ ಹಿಡಿದುಕೊಂಡು, "ನೀವು ತಿಪ್ಪೇರುದ್ರಮ್ಮೋರ ಮಗಳು. ನಿಮಗೆ ಬ್ಯಾರೆ ಹೇಳ್ಬೇಕಾ" ಎಂದಳು.

ದಾರಿಯುದ್ದಕ್ಕೂ ಅಳುತ್ತಾ ನಗುತ್ತಾ ಬಂದೆ. ಪಕ್ಕದವರು ಹುಚ್ಚಿ ಎಂದುಕೊಂಡಿರಬೇಕು. ಅಪ್ಪನ ಅಂಗಡಿಯ ಇಲಿ ಯಾರು ಎಂದು ಈಗ ಗೊತ್ತಾಯಿತು! ಸೀರೆ ನೋಡಲು ಹೋಗುತ್ತಿದ್ದಳಂತೆ ಸೀರೆ! ದ್ರಾಕ್ಷಾಯಣಮ್ಮನವರೇ, ಏನು ಮಾಡಿದ್ದಳು ಎಂದು ಕೇಳಿದಿರಲ್ಲ, ಹೇಳುತ್ತೇನೆ ತಾಳಿ. ಹೆಸರು, ಊರು, ಓಣಿ ಸಮೇತ ಮೈಕಿನಲ್ಲಿ ಹೇಳುತ್ತೇನೆ.

13 ಅಕ್ಟೋಬರ್, ಬುಧವಾರ

ಖುದ್ದೂಸ್ ಸಾಬರನ್ನು ಹಿಡಿದೆ. "ಇಂಥವು ಎಷ್ಟು ಮನೆಗೆ ಹೋಗಿವೆ ಹೇಳಿ ಸಾಬ್ರೇ. ಹೆಸರು ಕೊಡಿ, ಭಾಷಣಕ್ಕೆ ಬೇಕು."

"ಉಳಿ ಕೆಲಸ ಕೈಗೆ, ಬಾಯಿಗಲ್ಲ ಬೇಟಿ."

ತುಂಬ ಕಾಡಿದ ಮೇಲೆ ಇಷ್ಟು ಹೇಳಿದರು: "ಮೊದಲ್ನೇ ಸಲ ನಾನೇ ಅಮ್ಮಾವ್ರ ಹೆಸರು ಹಾಕೋಕೆ ಹೋದೆ. ಕೈ ಹಿಡಿದ್ರು. ಕೊಟ್ಟೋರ ಹೆಸರಿದ್ರೆ ದಾನ ಆಗ್ತದೆ ಸಾಬ್ರೇ, ಹಡೆದೋಳ ಹೆಸರಿದ್ರೆ ತವರು ಆಗ್ತದೆ ಅಂದ್ರು."

ಎಂಥ ಮಾತು! ಭಾಷಣಕ್ಕೆ ಇದರಿಂದಲೇ ಶುರು ಮಾಡುತ್ತೇನೆ. ಚಪ್ಪಾಳೆ ಗ್ಯಾರಂಟಿ. ಮೊಳಕಾಲ್ಮೂರಿಗೂ ಒಂದು ಆಹ್ವಾನ ಪತ್ರಿಕೆ ಪೋಸ್ಟ್ ಮಾಡಿಬಂದೆ. ಸಾಕ್ಷಿ ಎದುರಿಗೇ ಕೂತಿದ್ದರೆ ಅದರ ಖದರೇ ಬೇರೆ.

20 ಅಕ್ಟೋಬರ್, ಬುಧವಾರ

ಭಾಷಣ ಏಳು ಪುಟ ಆಗಿದೆ. ಐದು ನಿಮಿಷಕ್ಕೆ ಹೇಗೆ ಹಿಡಿಸುವುದೋ! ಇವರ ಮುಂದೆ ಓದಿದೆ. ಇವರು ಕಣ್ಣೊರೆಸಿಕೊಂಡರು. ಆಮೇಲೆ, "ಆ ಹುಡುಗಿ ಅತ್ತೆಗೆ ಇದು ಗೊತ್ತೇನೇ?" ಎಂದು ಕೇಳಿದರು. ಅವತ್ತು ಗೊತ್ತಾಗುತ್ತದೆ ಬಿಡಿ ಎಂದೆ. ಇವರದು ಯಾವಾಗಲೂ ಇಷ್ಟೇ, ನನ್ನ ಉತ್ಸಾಹಕ್ಕೆ ತಣ್ಣೀರು.

ಮಿಲ್ಲಿನ ಕಾವಲುಗಾರ ■■■■ನ ಮಗಳಿಗೆ ಮದುವೆ ಗೊತ್ತಾಗಿದೆಯಂತೆ, ಗೌರಸಮುದ್ರದ ಕಡೆ. ಶೇಂಗಾ ಆರಿಸಲು ಬರುವ ಹುಡುಗಿ, ಪಾಪ, ತಾಯಿ ಇಲ್ಲ. ಸ್ಮರಣೆಯ ದಿನ ಪಾತ್ರೆ ತೊಳೆಯಲು ಅವಳನ್ನೇ ಕರೆದಿದ್ದೇನೆ.

ನೇರಳೆ ಸೀರೆಗೆ ರವಿಕೆ ಹೊಲಿಸಲು ಕೊಟ್ಟೆ.

31 ಅಕ್ಟೋಬರ್, ಭಾನುವಾರ, ಸಂಜೆ

ಹಾಲ್‌ಗೆ ದ್ರಾಕ್ಷಾಯಣಮ್ಮನವರ ಅತ್ತೆಯ ಹೆಸರು. ನಮ್ಮ ಕಡೆ ಎದ್ದದ್ದು ಮೂರು ಕೈ. ಅದರಲ್ಲಿ ಒಂದು ನನ್ನದು.

ತಲೆ ಸಿಡಿಯುತ್ತಿದೆ. ನಾಳೆ.

1 ನವೆಂಬರ್, ಸೋಮವಾರ

ರಜೆ. ಮಿಲ್ಲು ಇಲ್ಲ, ಇವರು ಮನೆಯಲ್ಲೇ ಇದ್ದಾರೆ, ಕಾಫಿ ಅವರೇ ಮಾಡಿದರು. ಬರೆದು ಮುಗಿಸುತ್ತೇನೆ.

ಮೊದಲು ದ್ರಾಕ್ಷಾಯಣಮ್ಮನವರು ತಮ್ಮ ಅತ್ತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಬಾವಿ ತೋಡಿಸಿದ್ದು, ಗುಡಿಗೆ ಗಂಟೆ ಕೊಟ್ಟಿದ್ದು, ಎಲ್ಲದರ ಮೇಲೂ ಹೆಸರಿದೆ. ಆಮೇಲೆ ನನ್ನನ್ನು ಕರೆದರು. ಏಳು ಪುಟ ಹಿಡಿದು ಮೈಕಿನ ಮುಂದೆ ನಿಂತೆ. "ಕೊಟ್ಟೋರ ಹೆಸರಿದ್ರೆ..." ಎಂದು ಬಾಯಿ ತೆರೆಯಬೇಕು, ಮೂರನೇ ಸಾಲಿನಲ್ಲಿ ಮೊಳಕಾಲ್ಮೂರಿನವರು ಕಂಡರು. ಅತ್ತೆ, ದೊಡ್ಡ ಸೊಸೆ, ಚಿಕ್ಕ ಸೊಸೆ, ಮೂವರೂ ಬಂದಿದ್ದರು. ಅತ್ತೆಯ ತೊಡೆಯ ಮೇಲೆ ಆ ಕೊಳಗ. ಸ್ಮರಣೆಗೆ ಬರಿಗೈಲಿ ಬರಬಾರದೆಂದು ಹೋಳಿಗೆ ತುಂಬಿಕೊಂಡು ಬಂದಿದ್ದರು. ಪಕ್ಕದಲ್ಲಿ ಕೂತವರಿಗೆ ಹೆಸರು ತೋರಿಸುತ್ತಾ, ಸೆರಗಿನಿಂದ ಆ ಅಕ್ಷರಗಳನ್ನೇ ಒರೆಸುತ್ತಿದ್ದರು. ದೊಡ್ಡ ಸೊಸೆ ಬೇರೆಲ್ಲೋ ನೋಡುತ್ತಿದ್ದಳು.

ಚಿಕ್ಕವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಹೆದರಿದವಳ ಹಾಗೆ ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಹೆದರಿರಲಿಲ್ಲ. ತವರಿಗೆ ಬಂದವಳ ಹಾಗೆ ನಗುತ್ತಾ ಕೂತಿದ್ದಳು. ನಾನು ತಿಪ್ಪೇರುದ್ರಮ್ಮನ ಮಗಳು, ನನಗೆ ಬೇರೆ ಹೇಳಬೇಕಾಗಿಲ್ಲ ಎಂದು ಅವಳಿಗೆ ಅಷ್ಟು ನಂಬಿಕೆ.

ಪುಟಗಳನ್ನು ಮಡಚಿದೆ. "ನಮ್ಮವ್ವನ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ" ಎಂದೆ. ಎಲ್ಲರೂ ನಕ್ಕರು. "ಅವಳು ಹಿಂದ್ಲ ಸಾಲಲ್ಲಿ ಕೂರೋಳು. ಯಾರ ಮನೆಗೂ ಬರಿಗೈಲಿ ಹೋಗ್ತಿರಲಿಲ್ಲ. ಅಷ್ಟೇ" ಎಂದು ಇಳಿದುಬಿಟ್ಟೆ. ಎರಡು ನಿಮಿಷವೂ ಆಗಿರಲಿಲ್ಲ.

ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಕೈ ಎತ್ತುವುದು ನಡೆಯಿತು. ಎದ್ದ ಕೈಗಳನ್ನು ಎರಡೆರಡು ಸಲ ಎಣಿಸಿದೆ, ಸುಳ್ಳೇಕೆ ಹೇಳಲಿ. ಆ ಹಾಲ್ ನಮ್ಮವ್ವನದು. ಆದರೆ ಕೊನೆಯ ಸಾಲಿನಿಂದ ಒಂದು ಕಾಣುತ್ತದೆ: ಎಲ್ಲರ ಬೆನ್ನು. ಯಾರ ರವಿಕೆಗೆ ತೇಪೆ ಇದೆ, ಯಾರು ಸೆರಗು ಹೊದ್ದು ಅದನ್ನು ಮುಚ್ಚಿಕೊಂಡಿದ್ದಾರೆ, ಎಲ್ಲ. ಬಾಗಿಲ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಆ ಕಾವಲುಗಾರನ ಮಗಳು, ಹೋಳಿಗೆ ತೆಗೆದಿಟ್ಟು ತೊಳೆಯಲು ಕೊಟ್ಟಿದ್ದ ಆ ಕೊಳಗದ ಮೇಲಿನ ಹೆಸರನ್ನು ಬೆರಳಿನಿಂದ ಓದುತ್ತಿದ್ದಳು.

ಊಟದ ಹೊತ್ತಿಗೆ ಮೊಳಕಾಲ್ಮೂರಿನ ಅತ್ತೆ ನನ್ನ ಗಲ್ಲ ಹಿಡಿದು, "ಬೇಜಾರಾಗ್ಬೇಡಮ್ಮಾ. ನಿಮ್ಮಮ್ಮ ಪಾಪ ಸಾದಾ ಮನಿಷಿ. ಎಲ್ಲಾರೂ ನಮ್ಮ ಸೂರಮ್ಮನಂಗೆ ಇರ್ತಾರಾ?" ಎಂದರು.

ಚಿಕ್ಕ ಸೊಸೆ ನೆಲ ನೋಡಿದಳು. ನಾನು ಹೋಳಿಗೆ ನುಂಗಿ, "ಹೌದು ರೀ. ಸೂರಮ್ಮ ದೊಡ್ಡ ಮನಸ್ಸಿನ ಹೆಂಗಸು" ಎಂದೆ.

ಹೇಳಿದ ಮೇಲೆ ಯಾಕೋ ಅಳು ಬಂತು. ಹೋಳಿಗೆ ಗಂಟಲಿಗೆ ಸಿಕ್ಕಿತು ಎಂದು ನೀರು ಕುಡಿದೆ.

ಏಳು ಪುಟವನ್ನೂ ಒಲೆಗೆ ಹಾಕಿದೆ. ಈ ಡೈರಿಯಲ್ಲಿ ಆ ಹುಡುಗಿಯ ಹೆಸರು ಎಲ್ಲೆಲ್ಲಿ ಬರೆದಿದ್ದೆನೋ ಅಲ್ಲೆಲ್ಲ ಶಾಯಿ ಬಳಿದಿದ್ದೇನೆ. ಸೂರಮ್ಮ ಇರಲಿ, ಈ ಸೀಮೆಯಲ್ಲಿ ಸೂರಮ್ಮಂದಿರು ನೂರು ಜನ ಇದ್ದಾರೆ. ಮಾತಾಡದೆ ಒಂದು ದಿನ ಕಳೆಯಿತು. ಅವ್ವ ಇದ್ದಿದ್ದರೆ ನಂಬುತ್ತಿರಲಿಲ್ಲ.

25 ನವೆಂಬರ್, ಗುರುವಾರ

ಎಷ್ಟು ದಿನವಾಯಿತು ಬರೆದು! ಪುರುಸೊತ್ತೇ ಇಲ್ಲ. ಎಂಥದೋ ಓಡಾಟ. ಇವತ್ತು ಮಾತ್ರ ಅಪ್ಪನ ಮೇಲೆ ಕೋಪ ಬಂದಿದೆ, ಬರೆಯದೆ ಬಿಡುವುದಿಲ್ಲ.

ಹೋದ ವಾರ ಮಿಲ್ಲಿನ ಹತ್ತಿರ ಆ ಕಾವಲುಗಾರನ ಮಗಳು ಸಿಕ್ಕಿದಳು. ಸುಮ್ಮನೆ ಅದೂ ಇದೂ ಮಾತಾಡಿಸುತ್ತಾ, "ರೇಷನ್ ಕಾರ್ಡಲ್ಲಿ ನಿಮ್ಮವ್ವನ ಹೆಸರು ಇನ್ನೂ ಐತಾ, ತೆಗೆಸಿದ್ರಾ?" ಎಂದೆ. ಐತೆ ಎಂದು ಹೆಸರು ಹೇಳಿದಳು. ಆ ಹೆಸರನ್ನೂ ಬರೆಯುವುದಿಲ್ಲ. ಹಿಂದಿನ ಪುಟದಲ್ಲಿ ಅವಳ ಅಪ್ಪನ ಹೆಸರಿಗೂ ಶಾಯಿ ಬಳಿದಾಯಿತು. ಇವರು ಪುಟ ನೋಡಿ, "ಈ ಡೈರಿಗೆ ಕಾಡಿಗೆ ಹಚ್ಚಿದೀಯಾ?" ಎಂದರು. ವಿಷಯ ಏನೆಂದು ಇವರಿಗೂ ಹೇಳಿಲ್ಲ.

ಇವತ್ತು ಮಧ್ಯಾಹ್ನ ಅಂಗಡಿಗೆ ಹೋದೆ. ಅಪ್ಪ ಪೇಪರ್ ಮುಖಕ್ಕೆ ಹಿಡಿದುಕೊಂಡಿದ್ದರು. ಒಳ್ಳೆಯದೇ ಆಯಿತೆಂದು ಹಿಂದಿನಿಂದ ಹೋಗಿ ಅಟ್ಟ ಹತ್ತಿದೆ. ಒಂದು ಕೊಳಗ, ಒಂದು ಬಿಂದಿಗೆ, ಎರಡು ಚೊಂಬು, ತಟ್ಟೆಗಳು. ಸದ್ದಾಗದಂತೆ ನೇರಳೆ ಸೀರೆಯಲ್ಲಿ ಕಟ್ಟಿಕೊಂಡೆ. ಆ ಸೀರೆ ನನಗೆ ಒಪ್ಪುವುದೂ ಇಲ್ಲ, ಮದುಮಗಳಿಗಾದರೆ ಚೆನ್ನ. ಮೆಟ್ಟಿಲ ಹತ್ತಿರ ಇಳಿಸಿ ಖುದ್ದೂಸ್ ಸಾಬರ ಕಿವಿಯಲ್ಲಿ ಹೆಸರು ಹೇಳಿದೆ.

ಅವರು ಕನ್ನಡಕ ತೆಗೆದು ಜುಬ್ಬಾದ ತುದಿಯಲ್ಲಿ ಒರೆಸಿದರು. "ನಡುವೆ ಒಂದು ಒತ್ತು ಬರ್ತದಲ್ಲ ಬೇಟಿ. ನಿಂಗೆ ಬೇಕಾದ್ರೆ ಹಾಕ್ತೀನಿ" ಎಂದರು.

"ಬ್ಯಾಡ ಸಾಬ್ರೇ. ತೂತಾಗ್ತದೆ."

ಟಿಕ್ ಟಿಕ್ ಶುರುವಾಯಿತು. ಒಳಗಿನಿಂದ ಅಪ್ಪ, ಪೇಪರ್ ಇಳಿಸದೆಯೇ, ಇಡೀ ಪೇಟೆಗೆ ಕೇಳಿಸುವ ಹಾಗೆ ಕೂಗಿದರು:

"ಸಾಬ್ರೇ, ವರ್ಷದಿಂದ ಅಂಗಡಿ ಬಿಕೋ ಅಂತಿತ್ತು. ಇಲಿ ಮತ್ತೆ ಬಂತು ನೋಡ್ರಿ!"

ನನ್ನನ್ನು ಇಲಿ ಎಂದರು! ಮಗಳು ಎನ್ನುವುದನ್ನೂ ನೋಡಲಿಲ್ಲ. ನಾನು ಸರಸರನೆ ಬಂದುಬಿಟ್ಟೆ. ಬರುವಾಗ ತಿರುಗಿ ನೋಡಿದರೆ, ಅಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದರು.